ಎಲೆ ಎತ್ತಿದ ಮೇಲೆ ಉಪ್ಪು ಸಾಕಾ ಅಂತ ಕೇಳೋದು

ದುಗ್ಗಮ್ಮನ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಡಂಗುರ ಬಡಿದು ಸಾರು ಹಾಕಿದ್ದು ಕಿವಿಗೆ ಬೀಳಲಿಲ್ಲ ಎನ್ನುವ ಒಬ್ಬ ಮನುಷ್ಯ ದಾವಣಗೆರೆಯಲ್ಲಿ ಸಿಗಲಿಕ್ಕಿಲ್ಲ. ಹಳೇ ಪೇಟೆಯ ಸಂದಿಯಿಂದ ಎಸ್.ಎಸ್. ಬಡಾವಣೆಯ ಮೂರನೇ ಮಹಡಿಯವರೆಗೂ ಸುದ್ದಿ ಮುಟ್ಟುತ್ತದೆ. ಪರವೂರಿನ ಬೀಗರಿಗೂ ಫೋನು ಹೋಗಿರುತ್ತದೆ. ಊರಿನ ಮಾಸ್ಟರ್ ಪ್ಲಾನನ್ನು ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಯಾರ ಹೊಲದಲ್ಲಿ ನೂರಡಿ ರಸ್ತೆ, ಯಾರ ಮನೆ ಎದುರು ಕೈಗಾರಿಕೆ, ಯಾವ ಗದ್ದೆ ನಾಳೆ ಸೈಟು, ಎಲ್ಲ ಅದರಲ್ಲೇ ತೀರ್ಮಾನ. ಅದಕ್ಕೂ ಸಾರು ಹಾಕುತ್ತಾರೆ. ಡೊಳ್ಳು ಬಡಿದರೂ ಸದ್ದಾಗದಂತೆ ಬಡಿಯುವುದು ಒಂದು ವಿದ್ಯೆ. ನಮ್ಮ ರಾಜ್ಯದ ಯೋಜನಾ ಪ್ರಾಧಿಕಾರಗಳಲ್ಲಿ ಅದು ಗುರುಪರಂಪರೆಯಿಂದ ಬಂದಿದೆ.

ಮೊದಲು ಕಾಯ್ದೆ ನೋಡೋಣ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅದರ 13ನೇ ಕಲಂ ಪ್ರಕಾರ ಪ್ರಾಧಿಕಾರ ನಕ್ಷೆ, ವರದಿ ಎರಡನ್ನೂ ತಯಾರಿಸಿ ಸರ್ಕಾರಕ್ಕೆ ಕಳಿಸುತ್ತದೆ. ಸರ್ಕಾರ ತನಗೆ ಬೇಕಾದ ಮಾರ್ಪಾಡು ಮಾಡಿ ವಾಪಸು ಕಳಿಸುತ್ತದೆ. ಆಮೇಲೆ ಪ್ರಕಟಣೆ, ಆಮೇಲೆ 60 ದಿನ ಸಾರ್ವಜನಿಕರ ಆಕ್ಷೇಪಣೆ. ಅಂದರೆ ಹುಡುಗಿ ನೋಡಿ, ಮಾತುಕತೆ ಮುಗಿಸಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಹಂದರ ಹಾಕಿದ ಮೇಲೆ ಹುಡುಗಿಯನ್ನು ಕರೆದು ‘ನಿನಗೆ ಒಪ್ಪಿಗೆ ಇದೆಯೇನಮ್ಮಾ, ಇಲ್ಲದಿದ್ದರೆ 60 ದಿನದೊಳಗೆ ಲಿಖಿತವಾಗಿ ತಿಳಿಸು’ ಎಂದು ಕೇಳಿದ ಹಾಗೆ. ಇದು ಯಾವ ಗುಮಾಸ್ತನ ಕಿತಾಪತಿಯೂ ಅಲ್ಲ, ಕಾಯ್ದೆಯೇ ಹಾಗಿದೆ. ಉಳಿದದ್ದು ಕೈಗುಣ.

60 ದಿನವನ್ನು ಕರಗಿಸುವ ಕ್ರಮ ಹೀಗೆ. ಎಂಟು ಭಾನುವಾರ ತಾನಾಗಿ ಹೋಗುತ್ತವೆ. ಎರಡನೇ, ನಾಲ್ಕನೇ ಶನಿವಾರಗಳು ಸೇರಿ ಇನ್ನೊಂದು ನಾಲ್ಕು. ಪ್ರಕಟಣೆಯನ್ನು ಮಹಾಲಯ ಅಮಾವಾಸ್ಯೆಯ ಆಸುಪಾಸಿಗೆ ಹೊರಡಿಸಿದರೆ ದಸರಾ, ದೀಪಾವಳಿ ಎರಡೂ ಒಳಗೇ ಬೀಳುತ್ತವೆ. ಮೊದಲ ವಾರ ನಕ್ಷೆ ಬೆಂಗಳೂರಿನಿಂದ ಬಂದಿರುವುದಿಲ್ಲ. ಎರಡನೇ ವಾರ ಬಂದಿರುತ್ತದೆ, ಸಾಹೇಬರ ಕೊಠಡಿಯಲ್ಲಿರುತ್ತದೆ, ಸಾಹೇಬರು ವಿಡಿಯೋ ಕಾನ್ಫರೆನ್ಸಿನಲ್ಲಿರುತ್ತಾರೆ. ಪತ್ರಿಕಾ ಪ್ರಕಟಣೆಯಲ್ಲಿ ಊರಿನ ಹೆಸರು ಇರಬೇಕು, ಸರ್ವೆ ನಂಬರ್ ಇರಬಾರದು. ಸರ್ವೆ ನಂಬರ್ ಕಂಡರೆ ರೈತ ಓದುತ್ತಾನೆ. ಕಲಂ, ಉಪ ಕಲಂ ಕಂಡರೆ ಪುಟ ತಿರುಗಿಸುತ್ತಾನೆ.

ಇನ್ನು ನಕ್ಷೆ. ಗೋಡೆ ತುಂಬ ಹರಡುವ ನಕ್ಷೆ, 1:10,000 ಅಳತೆಯದು ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಮಿಲಿಮೀಟರು ಅಂದರೆ ನೆಲದ ಮೇಲೆ ಹತ್ತು ಮೀಟರು. ನಿಟುವಳ್ಳಿಯ ಒಂದು 30×40 ಸೈಟು ಅದರ ಮೇಲೆ 0.9 ಗುಣಿಸು 1.2 ಮಿಲಿಮೀಟರು. ಗಸಗಸೆ ಕಾಳು. ಸಾಲ ಮಾಡಿ, ತಾಳಿ ಅಡವಿಟ್ಟು ಕೊಂಡ ಜಾಗವನ್ನು ಕನ್ನಡಕ ಹಾಕಿಕೊಂಡು ಗಸಗಸೆಯಲ್ಲಿ ಹುಡುಕಬೇಕು. ರಸ್ತೆಯ ಅಂಚು ತೋರಿಸುವ ಗೆರೆಯ ದಪ್ಪವೇ ಅರ್ಧ ಮಿಲಿಮೀಟರು, ಅಂದರೆ ನೆಲದಲ್ಲಿ ಐದು ಮೀಟರು. ರಸ್ತೆ ನುಂಗುವುದು ನಿಮ್ಮ ಕಾಂಪೌಂಡನ್ನೋ, ಅಡುಗೆಮನೆಯನ್ನೋ ಎಂಬ ಪ್ರಶ್ನೆಗೆ ಉತ್ತರ ಆ ಗೆರೆಯ ಒಳಗೆ ಹೂತಿದೆ. ಸಾಲದ್ದಕ್ಕೆ, ಕೆಳಗೆ ಹಾಸಿರುವ ಹಳೆಯ ಗ್ರಾಮ ನಕ್ಷೆ 1:7,920ರದ್ದು, ಬಟ್ಟೆಗೆ ಅಂಟಿಸಿ ಮಡಚಿಟ್ಟದ್ದು. ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗಿದ ಕಾಗದವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಒಂದು ಮೂಲೆ ಸರಿಯಾಗಿ ಕೂತರೆ ಇನ್ನೊಂದು ಮೂಲೆ ಏಳುತ್ತದೆ. ಇಡ್ಲಿ ಬಟ್ಟೆ ಎಳೆದ ಹಾಗೆ.

ಪ್ರತಿ ಬೇಕು ಎಂದರೆ ಕೊಡುತ್ತಾರೆ, ಯಾರೂ ಇಲ್ಲ ಎನ್ನುವುದಿಲ್ಲ. ಎ-0 ಹಾಳೆಯನ್ನು ಎ-4ಕ್ಕೆ ಇಳಿಸಿದ ಜೆರಾಕ್ಸು, ಕಪ್ಪು-ಬಿಳುಪು. ಅಳತೆ ನಾಲ್ಕನೇ ಒಂದಕ್ಕೆ ಇಳಿಯಿತು, ಗಸಗಸೆಯೂ ಹೋಯಿತು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಕ್ಕೆ ಹಸಿರು. ಜೆರಾಕ್ಸ್ ಯಂತ್ರಕ್ಕೆ ಇವೆಲ್ಲ ಒಂದೇ ಜಾತಿ. ಹಳದಿ ಮಾಯ, ನೀಲಿ-ನೇರಳೆ ಎರಡೂ ಬೂದಿ. ಮನೆ ಪಕ್ಕ ಬರುವುದು ಅಂಗಡಿ ಸಾಲೋ ಕಾರ್ಖಾನೆಯೋ ಎಂದು ಬೂದಿಯಲ್ಲಿ ಹುಡುಕುತ್ತಾ ಕೂರಿ.

ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಮಂಡಕ್ಕಿ ಭಟ್ಟಿಯವರು ಬೆಂಕಿ ಮುಂದೆ, ಹಮಾಲರು ಎಪಿಎಂಸಿಯಲ್ಲಿ, ಮನೆಗೆಲಸದ ಹೆಂಗಸರು ಎಂಸಿಸಿ ಬಿ ಬ್ಲಾಕಿನಲ್ಲಿ ಎರಡನೇ ಮನೆಯ ಪಾತ್ರೆ ಮುಂದೆ. ಸಭೆಗೆ ಪುರುಸೊತ್ತಿರುವವರು ನಿವೃತ್ತರು ಮತ್ತು ಲೇಔಟ್ ಮಾಡುವವರು. ನಿವೃತ್ತರು ಹಿಂದೆ ಕೂತು ಮಾತಾಡುತ್ತಾರೆ, ಲೇಔಟಿನವರು ಮುಂದೆ ಕೂತು ಸುಮ್ಮನಿರುತ್ತಾರೆ. ಸುಮ್ಮನಿರುವವರ ಕೆಲಸ ಮೊದಲೇ ಆಗಿರುತ್ತದೆ ಎಂಬುದು ಸಭಾಶಾಸ್ತ್ರದ ಮೊದಲ ಪಾಠ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಇಂಗ್ಲಿಷಿನಲ್ಲಿ ನಲವತ್ತು ಸ್ಲೈಡು. ಕೊನೆಗೆ ಊಟದ ಹೊತ್ತಿಗೆ ಹತ್ತು ನಿಮಿಷ ಮುಂಚೆ ಮೈಕು ಜನರ ಕೈಗೆ.

‘ಸಾರ್, ನಮ್ಮ ಕೇರ್‍ಯಾಗೆ ಚರಂಡಿ ಕಟ್ಟಿ ಮೂರು ತಿಂಗ್ಳಾತು.’

‘ಅದು ಪಾಲಿಕೇದು ಯಜಮಾನ್ರೇ, ಇಲ್ಲಿಗೆ ಬರಲ್ಲ.’

‘ಕರೆಂಟ್ ಕಂಬ?’

‘ಬೆಸ್ಕಾಂದು.’

‘ರೈಲ್ವೆ ಗೇಟು?’

‘ರೈಲ್ವೆಯವರದ್ದು. ಬೈಪಾಸು ಹೆದ್ದಾರಿಯವರದ್ದು, ಕಾಲುವೆ ನೀರಾವರಿ ನಿಗಮದ್ದು.’

‘ಹಂಗಾರೆ ನಿಮ್ದೇನ್ ಸಾರ್?’

‘ಬಣ್ಣ.’

ಸತ್ಯವಾದ ಮಾತು. ಅಷ್ಟು ಪ್ರಾಮಾಣಿಕ ಉತ್ತರ ಸರ್ಕಾರಿ ಸಭೆಯಲ್ಲಿ ಅಪರೂಪ.

ಹಾಜರಿ ಪುಸ್ತಕಕ್ಕೆ ಮಾತ್ರ ಸಹಿ ತಪ್ಪದೆ ಹಾಕಿಸುತ್ತಾರೆ. ಹಿಂದೆಲ್ಲ ಮಂಡಕ್ಕಿಯನ್ನು ಅಳೆಯುತ್ತಿದ್ದದ್ದು ಸೇರಿನಲ್ಲಿ. ತಕ್ಕಡಿಗೆ ಹಾಕಿದರೆ ಮಾನ ಹೋಗುತ್ತದಲ್ಲ. ಸಾರ್ವಜನಿಕ ಸಹಭಾಗಿತ್ವವೂ ಹಾಗೆ, ಸೇರಿನ ಲೆಕ್ಕ. ನೂರ ಇಪ್ಪತ್ತು ಸಹಿ ಇದ್ದರೆ ನೂರ ಇಪ್ಪತ್ತು ಜನ ಭಾಗವಹಿಸಿದಂತೆ. ಅದರಲ್ಲಿ ಅರ್ಧ ಜನ ಟೀ ಎಲ್ಲಿ ಎಂದು ಕೇಳಿದವರಾದರೂ ಚಿಂತೆಯಿಲ್ಲ.

ಈ ಊರಿನ ಸುತ್ತ ಇರುವುದು ಭದ್ರಾ ಅಚ್ಚುಕಟ್ಟಿನ ಕೊನೇ ಭಾಗದ ಗದ್ದೆ. ಭತ್ತದ ಗದ್ದೆ ರಸ್ತೆಗಿಂತ ತಗ್ಗಿನಲ್ಲಿರುತ್ತದೆ, ಅದರ ಪಕ್ಕ ಬಸಿಗಾಲುವೆ ಇರುತ್ತದೆ. ಹತ್ತಡಿ ಅಗಲದ ಆ ಬಸಿಗಾಲುವೆ ನಮ್ಮ ನಕ್ಷೆಯಲ್ಲಿ 0.3 ಮಿಲಿಮೀಟರು, ಗೆರೆ ಎಳೆಯುವ ಪೆನ್ನಿಗಿಂತ ತೆಳು, ಹಾಗಾಗಿ ಎಳೆಯುವುದೇ ಇಲ್ಲ. ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೆ ಯಾಕಿರಬೇಕು? ಗದ್ದೆಗೆ ಎರಡಡಿ ಕೆಮ್ಮಣ್ಣು ಹೊಡೆದು, ಬಸಿಗಾಲುವೆ ಮುಚ್ಚಿ ಇಪ್ಪತ್ತಡಿ ರಸ್ತೆ ಮಾಡುತ್ತಾರೆ. ಮೊದಲ ದೊಡ್ಡ ಮಳೆಗೆ ನೀರು ಹಳೇ ದಾರಿ ಹುಡುಕಿಕೊಂಡು ಬಂದು, ದಾರಿ ಕಾಣದೆ, ಪಕ್ಕದ ಹಳೇ ಬಡಾವಣೆಯ ನಡುಮನೆಗೆ ನುಗ್ಗುತ್ತದೆ. ಆ ಗದ್ದೆಗೆ ನೀರು ಬಿಡುವ ನೀರುಗಂಟಿಗೆ ಇದು ನಕ್ಷೆ ನೋಡದೆಯೇ ಗೊತ್ತಿತ್ತು. ಅವನನ್ನು ಕೇಳುವ ಕಾಲಂ ನಮೂನೆಯಲ್ಲಿ ಇರಲಿಲ್ಲ.

ಮಾಸ್ಟರ್ ಪ್ಲಾನ್ ಅಂತಿಮವಾದ ಮೇಲೂ ಆಟ ಮುಗಿಯುವುದಿಲ್ಲ. 14-ಎ ಕಲಂ ಇದೆ, ಭೂ ಉಪಯೋಗ ಬದಲಾವಣೆ. ಒಂದೊಂದೇ ಸರ್ವೆ ನಂಬರು ಹಸಿರಿನಿಂದ ಹಳದಿಗೆ ಹಣ್ಣಾಗುತ್ತದೆ. ಅದಕ್ಕೂ ಪ್ರಕಟಣೆ ಉಂಟು, ಆಕ್ಷೇಪಣೆಗೆ ಅವಕಾಶ ಉಂಟು. ಸಾವಿರ ಜನ ಸೇರಿ ಹತ್ತು ವರ್ಷಕ್ಕೆಂದು ಬಳಿದ ಬಣ್ಣವನ್ನು ಒಬ್ಬ ಅರ್ಜಿದಾರ ಒಂದು ಅರ್ಜಿಯಲ್ಲಿ ಬದಲಿಸಬಹುದು. ನಿಜವಾದ ನಾಗರಿಕ ಸಹಭಾಗಿತ್ವ ಎಂದರೆ ಅದೇ ಇರಬೇಕು.

‘ವಾರ್ಡ್ ಸಮಿತಿ ಇದೆಯಲ್ಲ’ ಎಂದು ಕಾನೂನು ಓದಿದವರು ಕೇಳುತ್ತಾರೆ. 1993ರ ಜೂನ್ 1ರಿಂದ ಜಾರಿಯಲ್ಲಿರುವ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಊರಿಗೆ ವಾರ್ಡ್ ಸಮಿತಿ ಬೇಕೆನ್ನುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘದವರು. ಸರಿ, ನಿಮ್ಮ ವಾರ್ಡಿನ ಆ ಹತ್ತು ಹೆಸರು ಹೇಳಿ ನೋಡೋಣ. ಗಣಪತಿ ಕೂರಿಸುವ ಸಮಿತಿಯವರದ್ದು ಕೇಳಿದರೆ ಖಜಾಂಚಿಯ ಅಡ್ಡಹೆಸರೂ ಬರುತ್ತದೆ. ಆ ಸಮಿತಿಗೆ ಕಾಯ್ದೆಯಿಲ್ಲ, ನಿಯಮಾವಳಿಯಿಲ್ಲ. ಒಂದೇ ಸಂಜೆ ಕಟ್ಟೆ ಮೇಲೆ ಕೂತು ಮುಗಿಸುತ್ತಾರೆ, ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ.

ಇಷ್ಟಾದರೂ ಆಕ್ಷೇಪಣೆ ಕೊಟ್ಟೇ ಕೊಡುತ್ತೇನೆ ಎನ್ನುವ ಹಟಮಾರಿಗಳಿಗೆ ವಿಧಾನ: ಒಂದು ಕಾಗದಕ್ಕೆ ಒಂದೇ ವಿಷಯ. ಗ್ರಾಮ, ಸರ್ವೆ ನಂಬರ್, ಅದರೊಳಗಿನ ಪಾಲಿನ ಹಿಸ್ಸಾ ಸಂಖ್ಯೆ, ಚೆಕ್ಕುಬಂದಿ ಅಂದರೆ ನಾಲ್ಕೂ ದಿಕ್ಕಿನ ಗಡಿ, ನಕ್ಷೆಯ ಹಾಳೆ ಸಂಖ್ಯೆ. ನಕ್ಷೆಯಲ್ಲಿ ಏನು ತೋರಿಸಿದೆ, ನೆಲದಲ್ಲಿ ಏನಿದೆ, ಏನು ಬದಲಾಗಬೇಕು, ಈ ಮೂರು ಸಾಲು. ಪಹಣಿ ಮತ್ತು ಫೋಟೋ ಲಗತ್ತಿಸಿ. ‘ಊರು ಹಾಳಾಗುತ್ತಿದೆ’ ಎಂದು ಮಾತ್ರ ಬರೆಯಬೇಡಿ, ಅಂಥದ್ದಕ್ಕೆ ‘ಗಮನಿಸಲಾಗಿದೆ’ ಎಂಬ ಷರಾ ಮೊದಲೇ ಟೈಪಾಗಿರುತ್ತದೆ. ಪ್ರಾಧಿಕಾರ ನಿಮ್ಮ ಆಕ್ಷೇಪಣೆಯನ್ನು ಪರಿಗಣಿಸಿ ಸರ್ಕಾರಕ್ಕೆ ಏನು ಶಿಫಾರಸು ಮಾಡಿತು ಎಂದು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಆದರೆ ನಮ್ಮ ರಾಜ್ಯದ ನಿಯಮದಂತೆ ಆ ಅರ್ಜಿ 150 ಪದ ಮೀರಬಾರದು. ಪ್ರಕಟಣೆಯ ಮೊದಲ ವಾಕ್ಯವೇ ಅದರ ಹತ್ತಿರ ಹೋಗುತ್ತದೆ, ಇರಲಿ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಬೀಳದೆ ಜಾಗ ಬಿಡಬೇಡಿ, ಮೊಹರು ಬಿದ್ದ ಮೇಲೆ ತಾರೀಖು ಓದದೆ ಹೊರಡಬೇಡಿ. ಆ ಮೊಹರಿನೊಳಗೆ ತಾರೀಖಿನ ಪುಟ್ಟ ರಬ್ಬರ್ ಪಟ್ಟಿ ಇರುತ್ತದೆ, ಬೆರಳಿನಿಂದ ತಿರುಗಿಸುವುದು. ನಾಳೆ ಬೆಳಿಗ್ಗೆ ಮತ್ತೆ ಯಾರು ತಿರುಗಿಸುತ್ತಾರೆ ಎಂದು ಹಿಂದಿನ ದಿನ ಸಂಜೆ ನಾಲ್ಕಕ್ಕೇ ಒಂದು ಹಲ್ಲು ಮುಂದೆ ತಳ್ಳಿಟ್ಟಿರುತ್ತಾರೆ. ನೀವು ಹೋಗುವುದು 60ನೇ ದಿನ, ನಾಲ್ಕೂಕಾಲಿಗೆ.