ಸಹಿ ಯಾರದು?

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಓದದೆಯೇ, ರಾಜ್ಯದಲ್ಲಿ ಇನ್ನು ಮುಂದೆ ದಯಾಮರಣ ಕೇಳಿ ಪಡೆಯಬಹುದು ಎಂದು ಬಹಳಷ್ಟು ಜನ ತಿಳಿದುಕೊಂಡರು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಾನುಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರೇ ಇದರ ಮೊದಲ ಫಲಾನುಭವಿ ಎಂಬ ಸುದ್ದಿಯೂ ಹರಡಿತು. ಸುತ್ತೋಲೆಯಲ್ಲಿರುವುದು ಅದಲ್ಲ. ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಚಿಕಿತ್ಸೆಯನ್ನು ಆರಂಭಿಸದಿರಲು, ಅಥವಾ ಆರಂಭಿಸಿದ್ದನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ ವಿಧಾನವನ್ನು ಇಲ್ಲಿ ಜಾರಿಗೆ ತರುವ ಏರ್ಪಾಡು ಅದು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಹಿಂದೆಯೂ ಅಪರಾಧವಾಗಿತ್ತು, ಈಗಲೂ ಅಪರಾಧವೇ.

ಈ ಏರ್ಪಾಡು ಬರುವ ಮೊದಲೂ ನಮ್ಮ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಿಲ್ಲಿಸುವುದು ನಡೆದೇ ಇತ್ತು, ಬೇರೆ ಹೆಸರಿನಲ್ಲಿ. ಐಸಿಯು ಹೊರಗೆ ಕುರ್ಚಿಯಲ್ಲಿ ಕೂತವರನ್ನು ಒಳಗೆ ಕರೆದು, 'ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಬೇಕಾದರೆ ಮನೆಗೆ ಕರ್ಕೊಂಡು ಹೋಗಿ' ಎನ್ನುತ್ತಾರೆ. ಅದರ ಬೆನ್ನಿಗೇ, ವೈದ್ಯರ ಸಲಹೆಗೆ ವಿರುದ್ಧವಾಗಿ ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಎಂದು ಅಚ್ಚು ಹಾಕಿದ ಕಾಗದ ಮುಂದೆ ಬರುತ್ತದೆ. ಹೋಗಿ ಎಂದವರೂ ವೈದ್ಯರೇ, ಹೋದದ್ದು ತಮ್ಮ ಸಲಹೆಗೆ ವಿರುದ್ಧ ಎಂದು ಬರೆಸಿಕೊಳ್ಳುವವರೂ ಅವರೇ. ನಮ್ಮ ಸಂಬಂಧಿಯೊಬ್ಬರನ್ನು ಹೀಗೆಯೇ ಮನೆಗೆ ತಂದರು. ಆಂಬುಲೆನ್ಸಿನ ಹುಡುಗ ದಾರಿಯುದ್ದಕ್ಕೂ ಕೈಯಿಂದ ಗಾಳಿಚೀಲ ಒತ್ತುತ್ತ ಬಂದು, ನಡುಮನೆಯಲ್ಲಿ ಮಲಗಿಸಿ, ಗಂಟಲಿನ ನಳಿಕೆ ತೆಗೆದು ಹೊರಟುಹೋದ. ಆಮೇಲೆ ಉಸಿರಿಗಾಗಿ ಒದ್ದಾಡಿದ ಆ ಜೀವಕ್ಕೆ, ಸಂಕಟ ತಗ್ಗಿಸುವ ಮಾರ್ಫಿನ್ ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಬಾಯಿಗೆ ತುಳಸಿ ನೀರು ಬಿಡುವವರಿದ್ದರು. ಸಹಿ ಹಾಕಿದ ಮಗನಿಗೆ, ಅಪ್ಪನನ್ನು ತಾನೇ ಕೊಂದೆನೇನೋ ಎಂಬ ಕೊರಗು ಇಂದಿಗೂ ಹೋಗಿಲ್ಲ. ವೈಕುಂಠ ಸಮಾರಾಧನೆಯ ಊಟ ಮುಗಿಸಿ 'ಇನ್ನೆರಡು ದಿನ ಇಟ್ಟು ನೋಡಬಹುದಿತ್ತು' ಎಂದ ಹಿರಿಯರು ಬಿಲ್ಲಿನ ಮಾತು ಎತ್ತಲಿಲ್ಲ.

ನನ್ನ ಮಟ್ಟಿಗೆ ಸುತ್ತೋಲೆಯ ದೊಡ್ಡ ಉಪಕಾರವೆಂದರೆ ಆ ಸಹಿಯ ಭಾರವನ್ನು ಹಂಚಿದ್ದು. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಮಂಡಳಿಯೊಂದು ಮೊದಲು ಅಭಿಪ್ರಾಯ ಕೊಡಬೇಕು; ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ ಅದನ್ನು ಪರಿಶೀಲಿಸಬೇಕು; ಮನೆಯವರು ಒಪ್ಪಬೇಕು; ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಷ್ಟೆಲ್ಲ ಆದಮೇಲೆ ನಿಲ್ಲಿಸಿದ ಚಿಕಿತ್ಸೆಗೆ ಒಬ್ಬ ಮಗ ಊರಿಗೆಲ್ಲ ಉತ್ತರ ಹೇಳಬೇಕಾಗಿಲ್ಲ.

ರೋಗಿಯ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೊಬ್ಬನ ಹಲ್ಲೆಗೆ ಸಿಕ್ಕಿ, 2015ರ ಮೇ ತಿಂಗಳಲ್ಲಿ ಕೊನೆಯುಸಿರೆಳೆಯುವವರೆಗೂ, ತಮಗೇನು ಬೇಕೆಂದು ಹೇಳಲಾಗದ ಸ್ಥಿತಿಯಲ್ಲಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಬದುಕನ್ನು ಹೀಗೆ ಎಳೆಯುವುದು ಬೇಡ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಅರುಣಾರನ್ನು ದಿನವೂ ಮೀಯಿಸಿ, ಉಣಿಸುತ್ತಿದ್ದ ನರ್ಸುಗಳು ಅದನ್ನು ವಿರೋಧಿಸಿದರು. ಅರುಣಾ ಪರವಾಗಿ ಮಾತನಾಡುವ ಅಧಿಕಾರ ಆಸ್ಪತ್ರೆಯ ಸಿಬ್ಬಂದಿಯದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗದು ಸರಿಯೆಂದೇ ತೋರುತ್ತದೆ, ಆದರೆ ಅರುಣಾಗೆ ಏನು ಬೇಕಿತ್ತೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಇನ್ನು ಕೇಳಿದವರಿಗೆ ಸಾವನ್ನೇ ಕೊಡುವ ಮಾತು. ಇದು ನಮ್ಮ ಸಂಸ್ಕೃತಿಗೆ ಒಗ್ಗದು ಎಂದು ಹೇಳುವವರ ಜೊತೆ ನಾನಿಲ್ಲ. ಸ್ವಇಚ್ಛೆಯಿಂದ ಆಹಾರ ಬಿಟ್ಟು ದೇಹ ತ್ಯಜಿಸಿದವರ ಶಾಸನಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ತುಂಬ ಇವೆ. ನನ್ನ ಅಳುಕು ಬೇರೆ. 2002ರಿಂದ ಇದನ್ನು ಕಾನೂನಿನಲ್ಲಿ ಒಪ್ಪಿರುವ ನೆದರ್ಲೆಂಡ್ಸಿನಲ್ಲಿ ಎಲ್ಲರಿಗೂ ಕಡ್ಡಾಯ ಆರೋಗ್ಯ ವಿಮೆಯಿದೆ. ನಮ್ಮಲ್ಲಿ ಅಜ್ಜಿಯ ಚಿಕಿತ್ಸೆಗೆ ಸೈಟು ಮಾರಬೇಕಾಗುತ್ತದೆ, ಅದು ಅಜ್ಜಿಗೂ ಗೊತ್ತಿರುತ್ತದೆ. 'ಯಾಕಪ್ಪಾ ನನಗೆ ಸುಮ್ಮನೆ ದುಡ್ಡು ಸುರೀತೀರಿ' ಎಂದು ಈಗಾಗಲೇ ಹೇಳುತ್ತಿರುವ ಅಂಥವರ ಕೈಗೆ ಈ ಹಕ್ಕನ್ನು ಕೊಟ್ಟರೆ, ಅದನ್ನು ಬಳಸುವುದೇ ತಮ್ಮ ಕರ್ತವ್ಯವೆಂದು ಅವರು ತಿಳಿಯುತ್ತಾರೆ. ನೋವು ತಗ್ಗಿಸುವ ಆರೈಕೆ ಬಡವರಿಗೂ ತಾಲ್ಲೂಕಿನಲ್ಲೇ ಸಿಗುವ ತನಕ ನಾನು ಇದಕ್ಕೆ ಒಪ್ಪಲಾರೆ. ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ, ಮತ್ತೆ ಮತ್ತೆ ಕೇಳಿದ ಕರಿಬಸಮ್ಮನವರಿಗೆ ನನ್ನ ಈ ವಾದ ಉತ್ತರವಾಗುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಗಟ್ಟಿಮುಟ್ಟಾಗಿರುವಾಗಲೇ ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದಿಡುವುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮಗೆ ಎಚ್ಚರ ತಪ್ಪಿದಾಗ ನಿರ್ಧಾರ ತೆಗೆದುಕೊಳ್ಳಲು ಅದರಲ್ಲಿ ಇಬ್ಬರ ಹೆಸರು ಸೂಚಿಸಬಹುದು. ದಯವಿಟ್ಟು ಅಮೆರಿಕದಲ್ಲಿರುವ ಮಗನ ಹೆಸರೊಂದನ್ನೇ ಬರೆಯಬೇಡಿ. ಅವನ ವಿಮಾನ ಇಳಿಯುವವರೆಗೂ ವೆಂಟಿಲೇಟರ್ ಓಡುತ್ತಲೇ ಇರುತ್ತದೆ. ಊರಿನಲ್ಲೇ ಇರುವ, ನೆಂಟರ ಎದುರು ನಿಂತು ಮಾತನಾಡಬಲ್ಲ ಒಬ್ಬರನ್ನು ಆರಿಸಿ, ಅದರ ಒಂದು ಪ್ರತಿಯನ್ನು ಅವರಿಗೂ ಇನ್ನೊಂದನ್ನು ನಿಮ್ಮ ಮನೆಯ ಡಾಕ್ಟರಿಗೂ ಕೊಡಿ.