ಫೋಟೋ ಹಾಕಿದ ಮೇಲೆ ವಿಳಾಸವನ್ನೂ ಬರೆಯಿರಿ

ಬೆಳಿಗ್ಗೆಯಿಂದ ಒಂದು ಫೋಟೋ ನನ್ನ ಫೀಡ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಗೋಡೆಯಿಂದ ನುಗ್ಗಿ ಬರುತ್ತಿರುವ ಕಲ್ಲಿನ ಕುದುರೆಗಳು. ಮೇಲೆ 'ಪ್ಯಾರಿಸ್ಸಿನ ರಹಸ್ಯ ಅಂಗಳ' ಅಂತ ಒಂದೇ ಸಾಲು. ಕೆಳಗೆ ಒಬ್ಬರು 'ಇದು ಎಲ್ಲಿದೆ?' ಅಂತ ಕೇಳಿದ್ದಾರೆ. 'ಕೆಲವು ಜಾಗ ಗುಟ್ಟಾಗಿಯೇ ಇರಲಿ' ಅಂತ ಉತ್ತರ. ಇನ್ನೊಬ್ಬರು ಕೆತ್ತಿದವರು ಯಾರು ಅಂತ ಕೇಳಿದ್ದಾರೆ. ಅದಕ್ಕೆ ಬರೀ ಒಂದು ಹೃದಯದ ಚಿಹ್ನೆ.

ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಅದು ಮರೇ ಬಡಾವಣೆಯ ರ್ಯೂ ವಿಯೇಯ್ ದ್ಯು ತಾಂಪ್ಲ್ ಬೀದಿ, ನಂಬರ್ 87. ಒತೆಲ್ ದ ರೊಆನ್ ಅನ್ನುವ ಹಳೆಯ ಬಂಗಲೆ. 1705ರಲ್ಲಿ ಕಟ್ಟಲು ಶುರುಮಾಡಿದ್ದು, ಈಗ ಫ್ರಾನ್ಸಿನ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿದೆ. ಕೆತ್ತನೆಯ ಹೆಸರು 'ಸೂರ್ಯನ ಕುದುರೆಗಳು'. ಕೆತ್ತಿದವನು ರೋಬೇರ್ ಲ ಲೊರೇನ್. ಸರ್ಕಾರಿ ಕಟ್ಟಡ ಸ್ವಾಮಿ, ಇದರಲ್ಲಿ ಗುಟ್ಟು ಎಲ್ಲಿಂದ ಬಂತು?

ವಿಳಾಸ ಗೊತ್ತಾದರೆ ಏನು ಲಾಭ ಅಂತೀರಾ? ಈ ಕೆತ್ತನೆ ಇರುವುದು ಬಂಗಲೆಯ ಲಾಯದ ಬಾಗಿಲುಗಳ ಮೇಲೆ. ಆ ಪಕ್ಕದ ಅಂಗಳವೇ ಲಾಯದ ಅಂಗಳ. ಸೂರ್ಯನ ರಥದಿಂದ ಬಿಚ್ಚಿದ ಕುದುರೆಗಳಿಗೆ ನೀರು ಕುಡಿಸುತ್ತಿದ್ದಾರೆ. ಹಿಂದೆ ಕಲ್ಲಿನಲ್ಲೇ ಮೋಡ, ಕಲ್ಲಿನಲ್ಲೇ ಕಿರಣ. ಆಳೊಬ್ಬ ದೊಡ್ಡ ಚಿಪ್ಪಿನಲ್ಲಿ ನೀರು ಹಿಡಿದಿದ್ದಾನೆ, ಕುದುರೆ ಅದಕ್ಕೆ ಬಾಯಿ ಹಾಕಿದೆ. ಕೆಲವು ಕಡೆ ಆಕಾರ ಗೋಡೆಯಲ್ಲೇ ಕರಗಿಹೋಗುತ್ತದೆ, ಕೆಲವು ಕಡೆ ತಲೆ ಹೊರಕ್ಕೆ ಚಾಚಿಕೊಂಡಿದೆ. ಕೆಳಗಿನ ಬಾಗಿಲಲ್ಲಿ ದಿನಾ ನಿಜವಾದ ಕುದುರೆಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಅವಕ್ಕೂ ಅಲ್ಲೇ ನೀರು ಕುಡಿಸುತ್ತಿದ್ದರು. ಲಾಯದ ವಿಷಯ ಬಿಟ್ಟು ಈ ಕೆತ್ತನೆಯನ್ನು ತೋರಿಸಿದರೆ ನೋಡುವವರಿಗೆ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ. ಬರೀ ಚಂದದ ಕುದುರೆಗಳು ಅಷ್ಟೇ.

ಇನ್ನೊಂದು ಜಾಗ ಹೇಳುತ್ತೇನೆ. 62, ರ್ಯೂ ಸೇಂಟ್-ಆಂತ್ವಾನ್. ಒತೆಲ್ ದ ಸುಲ್ಲಿ. ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿಯ ಮಂತ್ರಿಯಾಗಿದ್ದ ಸುಲ್ಲಿ 1634ರಲ್ಲಿ ಕೊಂಡ ಮನೆ. ಅಂಗಳದ ಗೋಡೆಗಳ ಮೇಲೆ ಕೆತ್ತಿದ ಆಕೃತಿಗಳಿವೆ. ಎರಡು ಪಕ್ಕದಲ್ಲಿ ಭೂಮಿ, ನೀರು, ಗಾಳಿ, ಬೆಂಕಿ. ಎದುರಿಗೆ ಶರತ್ಕಾಲ ಮತ್ತು ಚಳಿಗಾಲ. ಹಾಗಾದರೆ ವಸಂತ, ಬೇಸಿಗೆ ಎಲ್ಲಿ? ಮನೆ ದಾಟಿ ಹಿಂದಿನ ತೋಟಕ್ಕೆ ಹೋಗಿ ತಿರುಗಿ ನೋಡಬೇಕು. ಅಲ್ಲಿವೆ. ತೋಟದ ಮೂಲೆಯ ಸಣ್ಣ ಬಾಗಿಲು ದಾಟಿದರೆ ಪ್ಲಾಸ್ ದೇ ವೋಜ್ ಚೌಕ. ಜನ ಇದನ್ನು ಒಳದಾರಿ ಅಂತ ಬಳಸಿ ಬಿರಬಿರನೆ ನಡೆದುಬಿಡುತ್ತಾರೆ. ಚಳಿಗಾಲದ ಶಿಲ್ಪ ಒಂದನ್ನೇ ಕ್ಲಿಕ್ಕಿಸಿ 'ಪ್ಯಾರಿಸ್ ಮೂಡ್' ಅಂತ ಹಾಕಿದವರನ್ನು ಬಲ್ಲೆ. ಅದು ಯಾವ ಮನೆ, ಯಾರ ಆಕೃತಿ ಅಂತ ಒಂದು ಸಾಲು ಬರೆದಿದ್ದರೆ ನೋಡಿದವರು ಉಳಿದ ಮೂರು ಋತುಗಳನ್ನು ತಾವೇ ಹುಡುಕಿಕೊಂಡು ಹೋಗುತ್ತಿದ್ದರು.

ಈ ವಿಷಯದಲ್ಲಿ ನಾನು ಇಷ್ಟು ಬಿಸಿಯಾಗುವುದಕ್ಕೆ ಕಾರಣ ಯೂಜೀನ್ ಅಟ್ಜೆ ಅನ್ನುವ ಫೋಟೋಗ್ರಾಫರ್. ನನ್ನ ಗೋಡೆಗೆ ಬರುವವರಿಗೆಲ್ಲ ಈ ಹೆಸರು ಕೇಳಿ ಕೇಳಿ ಸಾಕಾಗಿರಬಹುದು. ಆದರೂ ಹೇಳಲೇಬೇಕು. 1857ರಲ್ಲಿ ಹುಟ್ಟಿದವನು. ಮೊದಲು ಹಡಗಿನಲ್ಲಿದ್ದ, ಆಮೇಲೆ ನಾಟಕದಲ್ಲಿದ್ದ. 1890ರ ದಶಕದ ಕೊನೆಯಿಂದ ಹಳೆಯ ಪ್ಯಾರಿಸ್ಸಿನ ಬೀದಿ, ಅಂಗಳ, ಮೆಟ್ಟಿಲು, ಬಾಗಿಲು ಬಡಿಯುವ ಕಬ್ಬಿಣದ ಬಳೆ, ಅಂಗಡಿಯ ಫಲಕ ಎಲ್ಲವನ್ನೂ ಹಿಡಿಯುತ್ತಾ ಹೋದ. 18×24 ಸೆಂಟಿಮೀಟರಿನ ಗಾಜಿನ ಫಲಕಗಳು, ಮರದ ಕ್ಯಾಮೆರಾ, ಸ್ಟ್ಯಾಂಡು ಎಲ್ಲ ತಾನೇ ಹೊತ್ತುಕೊಂಡು ಬೆಳಗಿನ ಜಾವ ಹೊರಡುತ್ತಿದ್ದ. ಮನೆಯ ಬಾಗಿಲ ಮೇಲೆ 'ಕಲಾವಿದರಿಗೆ ದಾಖಲೆಗಳು' ಅಂತ ಬೋರ್ಡು. ತನ್ನ ಚಿತ್ರಗಳ ಜೊತೆ ಬೀದಿ, ಮನೆಯ ನಂಬರು ಬರೆದಿಡುತ್ತಿದ್ದ. 1920ರಲ್ಲಿ 2,600ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳನ್ನು 10,000 ಫ್ರಾಂಕಿಗೆ ಸರ್ಕಾರಕ್ಕೆ ಮಾರಿದ. 1927ರಲ್ಲಿ ತೀರಿಕೊಂಡ. ಆ ಅಂಗಳಗಳಲ್ಲಿ ಎಷ್ಟೋ ಇವತ್ತು ಇಲ್ಲ. ಆದರೆ ಎಲ್ಲಿದ್ದವು ಅಂತ ಗೊತ್ತು. ಅವನು ಬರೆದಿಟ್ಟಿದ್ದಕ್ಕೆ ಗೊತ್ತು.

ಈ ಊರಿಗೆ ಬಂದ ಮೊದಲ ಚಳಿಗಾಲ ನನಗೆ ಇಲ್ಲಿ ಯಾರೂ ಇರಲಿಲ್ಲ. ಭಾನುವಾರ ಕಳೆಯುವುದೇ ಕಷ್ಟವಾಗುತ್ತಿತ್ತು. ಊರಿಗೆ ಫೋನ್ ಮಾಡಿದರೆ ಅಮ್ಮನಿಗೆ ದನಿಯಲ್ಲೇ ಗೊತ್ತಾಗುತ್ತಿತ್ತು, ಅದಕ್ಕೇ ಫೋನೂ ಮಾಡುತ್ತಿರಲಿಲ್ಲ. ಆಗ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಅಟ್ಜೆಯ ಚಿತ್ರಗಳು ಸಿಕ್ಕವು. ಪುಕ್ಕಟೆ ನೋಡಬಹುದು, ಈಗಲೂ. ಒಂದೊಂದು ವಿಳಾಸ ಚೀಟಿಯಲ್ಲಿ ಬರೆದುಕೊಂಡು ನಡೆದು ಹೋಗುತ್ತಿದ್ದೆ. ಬಹಳಷ್ಟು ಕಡೆ ಬಾಗಿಲಿಗೆ ಕೋಡ್ ಹಾಕುವ ಬೀಗ. ಹೊರಗೇ ನಿಲ್ಲುತ್ತಿದ್ದೆ. ಒಂದು ದಿನ ಹಾಗೆ ನಿಂತಿದ್ದಾಗ ಕಟ್ಟಡ ನೋಡಿಕೊಳ್ಳುವ ಹೆಂಗಸು ಬಂದು ಏನು ಬೇಕು ಅಂತ ಗದರಿದರು. ಮೊಬೈಲಿನಲ್ಲಿ ಅಟ್ಜೆಯ ಚಿತ್ರ ತೋರಿಸಿದೆ. ಬೀದಿಯ ಹೆಸರು, ನಂಬರು ಓದಿದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಬಾಗಿಲು ತೆಗೆದು, 'ಬನ್ನಿ, ಮೆಟ್ಟಿಲಿನ ಕಟಕಟೆ ಹಾಗೇ ಇದೆ' ಅಂದರು. ತಾವು ದಿನಾ ಒರೆಸುವ ಕಟಕಟೆ ಅದು. ಅವರ ಮುಖ ನೋಡಬೇಕಿತ್ತು. ಬರೀ ಒಂದು ಚಂದದ ಫೋಟೋ ಹಿಡಿದುಕೊಂಡು ಹೋಗಿದ್ದರೆ ಅವರು ಬಾಗಿಲು ತೆಗೆಯುತ್ತಿದ್ದರಾ?

ಗುಂಪು ಬರುತ್ತದೆ, ಅದಕ್ಕೇ ವಿಳಾಸ ಕೊಡಬಾರದು ಅನ್ನುವ ವಾದ ಗೊತ್ತು. ಎಲ್ಲರೂ ರ್ಯೂ ಕ್ರೆಮ್ಯು ಉದಾಹರಣೆ ಕೊಡುತ್ತಾರೆ. ಬಣ್ಣಬಣ್ಣದ ಮನೆಗಳ ಸಣ್ಣ ಬೀದಿ. ಕಿಟಕಿ ಕೆಳಗೆ ದಿನವಿಡೀ ಫೋಟೋ ತೆಗೆಸಿಕೊಳ್ಳುವವರ ಕಾಟ ತಡೆಯಲಾರದೆ, ಸಂಜೆ ಮತ್ತು ವಾರಾಂತ್ಯ ಗೇಟು ಹಾಕಿಕೊಡಿ ಅಂತ ಅಲ್ಲಿನವರು 2019ರಲ್ಲಿ ನಗರಸಭೆಯನ್ನು ಕೇಳಿಕೊಂಡರು. ಅವರ ಸಂಕಟ ನಿಜ. ಜನ ವಾಸ ಇರುವ ಮನೆಯ ಬಾಗಿಲಿನ ಕೋಡ್ ಬರೆಯುವುದು ತಪ್ಪು, ಖಂಡಿತ ತಪ್ಪು. ಆದರೆ ಆ ಬೀದಿಗೆ ಬಂದವರು ಇತಿಹಾಸ ಓದಿ ಬಂದವರಲ್ಲ. ಗೋಡೆಯ ಬಣ್ಣ ನೋಡಿ ಬಂದವರು. ಸರ್ಕಾರಿ ಕಟ್ಟಡದ ಶಿಲ್ಪಕ್ಕೆ ಶಿಲ್ಪಿಯ ಹೆಸರು ಬರೆದರೆ ಯಾರ ಕಿಟಕಿ ಕೆಳಗೆ ಗುಂಪು ಸೇರುತ್ತದೆ? ಗುಂಪಿನ ಭಯ ಇದ್ದರೆ ಫೋಟೋವನ್ನೇ ಹಾಕಬಾರದು. ಫೋಟೋ ಹಾಕಿ ಸಾವಿರಾರು ಜನರನ್ನು ಸೆಳೆದು, ಆಮೇಲೆ ವಿಳಾಸ ಮಾತ್ರ ಬಚ್ಚಿಟ್ಟರೆ ಅದು ಅಂಗಳವನ್ನು ಕಾಪಾಡಿದ ಹಾಗಲ್ಲ. ತನಗೊಬ್ಬನಿಗೇ ಗೊತ್ತು ಅನ್ನುವ ಹೆಮ್ಮೆಯನ್ನು ಕಾಪಾಡಿಕೊಂಡ ಹಾಗೆ.

ಅಷ್ಟಕ್ಕೂ ಈ ಅಂಗಳಗಳು ಉಳಿದದ್ದು ಗುಟ್ಟಾಗಿ ಇದ್ದದ್ದರಿಂದ ಅಲ್ಲ. ಕಳೆದ ಶತಮಾನದ ಮಧ್ಯದಲ್ಲಿ ಮರೇಯ ಬಂಗಲೆಗಳ ಅಂಗಳದ ತುಂಬ ಶೆಡ್ಡು, ವರ್ಕ್‌ಶಾಪು, ಗೋದಾಮು. ಕೆತ್ತನೆಗಳೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದವು. ಇಲ್ಲಿ ಏನಿದೆ ಅಂತ ಬಲ್ಲವರು ಕೂಗಿ ಹೇಳಿದರು. 1962ರಲ್ಲಿ ಮಾಲ್ರೋ ಸಂಸ್ಕೃತಿ ಮಂತ್ರಿಯಾಗಿದ್ದಾಗ ಹಳೆಯ ಬಡಾವಣೆಗಳನ್ನು ಇಡಿಯಾಗಿ ರಕ್ಷಿಸುವ ಕಾನೂನು ಬಂತು. ಮರೇಗೆ ಆ ರಕ್ಷಣೆ ಸಿಕ್ಕಿತು. ಯಾವ ಮನೆ, ಯಾವ ಗೋಡೆ ಅಂತ ಪಟ್ಟಿ ಇಲ್ಲದೆ ಯಾವ ಕಾನೂನು ತಾನೇ ಏನು ಕಾಪಾಡುತ್ತದೆ?

ಹೆಸರು ಬರೆಯದಿದ್ದರೆ ಗೊಂದಲವೂ ಜಾಸ್ತಿ. ಸೇನ್ ನದಿಯ ಆಚೆ ದಡದಲ್ಲಿ ಕೂರ್ ದ ರೊಆನ್ ಅಂತ ಬೇರೆಯೇ ಒಂದು ಅಂಗಳವಿದೆ. ಹಿಂದಿನವರು ಕುದುರೆ ಹತ್ತಲು ಬಳಸುತ್ತಿದ್ದ ಮೂರು ಕಾಲಿನ ಕಬ್ಬಿಣದ ಮೆಟ್ಟಿಲು ಅಲ್ಲಿ ಇನ್ನೂ ಇದೆ. ಅಟ್ಜೆ ಅದನ್ನೂ ಬಿಟ್ಟಿಲ್ಲ. ಈ ಬೆಳಗಿನ ಪೋಸ್ಟಿನ ಕೆಳಗೆ ಒಬ್ಬರು ಕುದುರೆಗಳು ಅಲ್ಲಿವೆ ಅಂತ ಬರೆದಿದ್ದಾರೆ. ಪಾಪ, ಇನ್ಯಾರೋ ಅದನ್ನು ನಂಬಿ ಅಲ್ಲಿಗೆ ಹೋಗುತ್ತಾರೆ.

ನಾವು ಕನ್ನಡದವರು ಇದನ್ನು ಸುಮ್ನೆ ಬಿಡಬಾರದು. ಬೇಲೂರಿನ ಮದನಿಕೆಯರ ಮುಂದೆ ನಿಂತಾಗ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಂತ ಹೇಳಬಲ್ಲೆವು. ಒಂಬೈನೂರು ವರ್ಷದ ಹಿಂದಿನ ಶಿಲ್ಪಿಗಳ ಹೆಸರು, ಊರು ಎರಡೂ ಗೊತ್ತು, ಕಲ್ಲಿನ ಮೇಲೆ ಬರೆದಿರುವುದರಿಂದ. ಲ ಲೊರೇನ್ ಸತ್ತು ಮುನ್ನೂರು ವರ್ಷವೂ ಆಗಿಲ್ಲ. ಅವನ ಹೆಸರು ಬರೆಯಲು ಕಲ್ಲು ಕೊರೆಯಬೇಕಾಗಿಲ್ಲ, ಒಂದು ಸಾಲು ಟೈಪ್ ಮಾಡಿದರೆ ಸಾಕು.

ಸೆಪ್ಟೆಂಬರಿನ ಮೂರನೇ ವಾರಾಂತ್ಯ ಇಲ್ಲಿ ಪರಂಪರೆಯ ದಿನಗಳು. 1984ರಿಂದ ನಡೆದುಬಂದಿದೆ. ವರ್ಷವಿಡೀ ಮುಚ್ಚಿರುವ ಎಷ್ಟೋ ಬಾಗಿಲುಗಳು ಆಗ ತೆರೆಯುತ್ತವೆ. ಪ್ಯಾರಿಸ್ಸಿನಲ್ಲಿ, ಸುತ್ತಮುತ್ತ ಇರುವ ಗೆಳೆಯರು ಬರುವುದಾದರೆ ಹೇಳಿ, ಒಟ್ಟಿಗೆ ಹೋಗೋಣ. ಬರಲಾಗದವರು ನಿಮ್ಮ ಹಳೆಯ ಆಲ್ಬಮ್‌ಗಳನ್ನು ತೆಗೆಯಿರಿ. ಯಾವ ಅಂಗಳ, ಯಾವ ಶಿಲ್ಪ ಅಂತ ಮರೆತುಹೋದ ಪ್ಯಾರಿಸ್ಸಿನ ಫೋಟೋ ಇದ್ದರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ. ಹುಡುಕಿ ಬೀದಿ, ನಂಬರು ಬರೆಯುವ ಕೆಲಸ ನನಗಿರಲಿ.