ಮಂಡಿಯ ಮೊದಲ ಆಪರೇಷನ್ ಕೆಲಸದಲ್ಲಿದ್ದಾಗ, ಎರಡನೇದು ನಿವೃತ್ತಿಯಲ್ಲಿ: ಖರ್ಚು ಯಾರದ್ದು?

ವಯಸ್ಸಾದವರಿಗೆ ಸರ್ಕಾರಿ ಆರೋಗ್ಯ ವಿಮೆ ಅಂದಾಗೆಲ್ಲ ನಾವು ಮೊದಲ ಆಪರೇಷನ್ ಬಗ್ಗೆಯೇ ಮಾತಾಡುತ್ತೇವೆ. ಮಂಡಿ ಚಿಪ್ಪು ಬದಲಾವಣೆಗೆ ಸಿಗುತ್ತಾ, ಸೊಂಟದ ಕೀಲಿಗೆ ಸಿಗುತ್ತಾ, ಪೇಸ್‌ಮೇಕರ್‌ಗೆ ಸಿಗುತ್ತಾ, ಅಷ್ಟೇ. ಒಳಗೆ ಕೂರಿಸಿದ ಆ ವಸ್ತು ವರ್ಷಗಳಾದ ಮೇಲೆ ಸವೆದರೆ, ಸಡಿಲವಾದರೆ, ಅದರ ಬ್ಯಾಟರಿ ಮುಗಿದರೆ ಏನು ಗತಿ ಅಂತ ಕೇಳುವವರು ಕಡಿಮೆ. ಅಷ್ಟು ಹೊತ್ತಿಗೆ ಸಂಬಳ ನಿಂತಿರುತ್ತೆ, ಕಂಪನಿಯ ಇನ್ಶೂರೆನ್ಸ್ ಹೋಗಿರುತ್ತೆ, ವಯಸ್ಸು ಎಪ್ಪತ್ತರ ಹತ್ತಿರ ಬಂದಿರುತ್ತೆ. ನಾನು ಹೇಳೋದು ಇಷ್ಟೇ. ಒಬ್ಬರ ಮೈಯೊಳಗೆ ಇಂಪ್ಲಾಂಟ್ ಹಾಕಿದ ಮೇಲೆ, ಅವರು ಬದುಕಿರುವವರೆಗೂ ಅದನ್ನು ಬದಲಾಯಿಸುವ ಖರ್ಚನ್ನೂ ಸಾರ್ವಜನಿಕ ವಿಮೆ ಹೊರಬೇಕು. ಪಡಿತರ ಕಾರ್ಡು ಯಾವುದು ಅಂತ ನೋಡಬಾರದು.

ನಮ್ಮ ದೊಡ್ಡಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ದುಡಿದವರು. ಕೆಲಸದಲ್ಲಿದ್ದಾಗಲೇ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಕಡೆಯಿಂದ ಬಲಗಾಲಿನ ಮಂಡಿ ಆಪರೇಷನ್ ಆಯಿತು. ಜೇಬಿನಿಂದ ದೊಡ್ಡ ಖರ್ಚೇನೂ ಬರಲಿಲ್ಲ. ನಿವೃತ್ತಿಯಾಗಿ ಬಹಳ ವರ್ಷ ಆದ ಮೇಲೆ ಅದೇ ಮಂಡಿ ನೋಯೋಕೆ ಶುರುವಾಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ, ಇಂಪ್ಲಾಂಟ್ ಸಡಿಲವಾಗಿದೆ, ರಿವಿಜನ್ ಮಾಡಬೇಕು, ಅಂದರೆ ಹಳೆಯದನ್ನು ತೆಗೆದು ಬೇರೆ ಹಾಕಬೇಕು ಅಂದರು. ಅಂದಾಜು ಬಿಲ್ ನೋಡಿ ದೊಡ್ಡಮ್ಮ ಅಲ್ಲೇ ಕುಸಿದು ಕೂತರು. ದೊಡ್ಡಪ್ಪ ಮಾತ್ರ, "ಬಿಡಪ್ಪಾ, ಇನ್ನೆಷ್ಟು ವರ್ಷ ಓಡಾಡ್ತೀನಿ, ಕೋಲು ಹಿಡ್ಕೊಂಡ್ರೆ ಆಯ್ತು" ಅಂದುಬಿಟ್ಟರು. ನನಗೆ ಜಾಸ್ತಿ ನೋವಾಗಿದ್ದು ಆ ಮಾತಿಗೆ. ಎಷ್ಟೋ ಮನೆಗಳಲ್ಲಿ ಹಿರಿಯರು ಹೀಗೇ ಹೇಳಿ ಸುಮ್ಮನಾಗುತ್ತಾರೆ, ನಾವೂ ಒಪ್ಪಿಕೊಂಡುಬಿಡುತ್ತೇವೆ.

ಎರಡನೇ ಆಪರೇಷನ್ ಅಂದರೆ ಮೊದಲನೆಯದನ್ನೇ ಇನ್ನೊಂದು ಸಲ ಮಾಡೋದಲ್ಲ. ಹಳೇ ಇಂಪ್ಲಾಂಟನ್ನೂ ಅದರ ಸಿಮೆಂಟನ್ನೂ ಮೂಳೆಯಿಂದ ಬಿಡಿಸಬೇಕು, ಆಗ ಮೂಳೆಯೂ ಸ್ವಲ್ಪ ಹೋಗುತ್ತೆ. ಹಾಗಾಗಿ ಮೂಳೆಯೊಳಗೆ ಇಳಿಯೋ ಉದ್ದನೆಯ ಕಡ್ಡಿ ಇರೋ ಬೇರೆ ಥರದ ಇಂಪ್ಲಾಂಟ್ ಬೇಕಾಗುತ್ತೆ. ಆಪರೇಷನ್‌ಗೆ ಹಿಡಿಯೋ ಸಮಯ ಜಾಸ್ತಿ, ರಕ್ತವೂ ಜಾಸ್ತಿ ಬೇಕು, ಕೈ ಪಳಗಿದ ಸರ್ಜನ್ ಬೇಕು. ಒಳಗೆ ಸೋಂಕು ಆಗಿದ್ದರಂತೂ ಸಾಮಾನ್ಯವಾಗಿ ಎರಡು ಹಂತ. ಮೊದಲು ಹಳೆಯದನ್ನು ತೆಗೆದು ಆಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ತುಂಡು ಇಡುತ್ತಾರೆ. ವಾರಗಟ್ಟಲೆ ಔಷಧ ನಡೆದು ಸೋಂಕು ಹೋದ ಮೇಲೆ ಹೊಸದು.

ಈಗ ವಿಮೆ ಕಡೆ ನೋಡಿ. ಆಯುಷ್ಮಾನ್ ಭಾರತ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ ಔಷಧಕ್ಕೆ ಇರೋದು 15 ದಿನ. ಸೋಂಕಾದ ಮಂಡಿಗೆ ಆರು ವಾರ ಆಂಟಿಬಯೋಟಿಕ್ ಕೊಡೋದು ಸಾಮಾನ್ಯ. ಉಳಿದ ದಿನಗಳ ಇಂಜೆಕ್ಷನ್‌ಗೆ ಪಿಂಚಣಿದಾರ ಎಲ್ಲಿಂದ ತರಬೇಕು? ಯಾವ ಚಿಕಿತ್ಸೆಗೆ ವಿಮೆ ಎಷ್ಟು ಕೊಡುತ್ತೆ ಅನ್ನೋ ಪ್ಯಾಕೇಜ್ ಬರೆಯುವಾಗ ಮೊದಲ ಆಪರೇಷನ್ ಮಾತ್ರ ಕಣ್ಣ ಮುಂದೆ ಇದ್ದರೆ ಹೀಗೇ ಆಗೋದು.

ಹಾಗಂತ ಇಂಪ್ಲಾಂಟ್‌ಗಳೇ ಕೆಟ್ಟವು ಅಂತ ಯಾರೂ ಹೆದರಬೇಡಿ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ, ಸೊಂಟದ ಕೀಲುಗಳಲ್ಲಿ ಶೇ. 58ರಷ್ಟು. ಒಳ್ಳೆಯ ಸುದ್ದಿಯೇ. ಆದರೆ ಆ ಅಂಕಿಗಳು ಹೊರದೇಶಗಳ ನೋಂದಣಿ ಪುಸ್ತಕಗಳಿಂದ ಬಂದವು. ಸ್ವೀಡನ್ 1975ರಿಂದಲೇ ಮಂಡಿ ಆಪರೇಷನ್‌ಗಳನ್ನು ದಾಖಲಿಸುತ್ತಿದೆ. ಮತ್ತೆ, ಐವತ್ತೈದಕ್ಕೆ ಮಂಡಿ ಹಾಕಿಸಿಕೊಂಡವರು ಎಂಬತ್ತರವರೆಗೂ ಬದುಕಿದರೆ, ಅವರಲ್ಲಿ ಒಂದಷ್ಟು ಜನ ಎರಡನೇ ಸಲ ಆಪರೇಷನ್ ಟೇಬಲ್ ಹತ್ತಲೇಬೇಕು. ಇದು ಮೊದಲ ದಿನದಿಂದಲೇ ಗೊತ್ತಿರುವ ಸಂಗತಿ, ಅಲ್ವಾ? ಪೇಸ್‌ಮೇಕರ್ ವಿಷಯ ಇನ್ನೂ ಸ್ಪಷ್ಟ. ಅದರ ಬ್ಯಾಟರಿ ಸುಮಾರು ಏಳರಿಂದ ಹನ್ನೆರಡು ವರ್ಷ ಬರುತ್ತೆ. ಬ್ಯಾಟರಿ ಮಾತ್ರ ತೆಗೆದು ಹಾಕೋಕೆ ಬರಲ್ಲ, ಚರ್ಮದ ಕೆಳಗಿರೋ ಇಡೀ ಡಬ್ಬಿಯನ್ನೇ ಬದಲಾಯಿಸಬೇಕು. ತಾರೀಖು ಬರೆದಿಟ್ಟ ಹಾಗೆ ಬರೋ ಖರ್ಚು ಇದು. ಇದಕ್ಕೆ ಮೊದಲೇ ವ್ಯವಸ್ಥೆ ಇಲ್ಲದಿದ್ದರೆ ಅದು ಬೇಕಂತಲೇ ಮಾಡಿದ ನಿರ್ಲಕ್ಷ್ಯ ಅಂತ ನಾನು ನೇರವಾಗಿ ಹೇಳುತ್ತೇನೆ.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿಯೂ ಇದೆ. 2017ರ ಆಗಸ್ಟ್‌ನಲ್ಲಿ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯವಾಗಿ ಬಳಸೋ ಕೋಬಾಲ್ಟ್ ಕ್ರೋಮಿಯಂ ಲೋಹದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳಿಯಿತು. ರಿವಿಜನ್ ಇಂಪ್ಲಾಂಟ್‌ಗೆ 1,13,950. ಅಂದರೆ ಎರಡನೇ ಸಲದ ವಸ್ತುವಿನ ಬೆಲೆ ಮೊದಲಿನ ದುಪ್ಪಟ್ಟಿಗಿಂತ ಜಾಸ್ತಿ ಅಂತ ಸರ್ಕಾರದ ಆದೇಶವೇ ಒಪ್ಪಿಕೊಂಡಿದೆ. ಬೆಲೆ ಕಟ್ಟಿದ್ದು ದೊಡ್ಡ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ದುಡ್ಡನ್ನು ನಿವೃತ್ತನ ಪರವಾಗಿ ಕೊಡೋರು ಯಾರು?

ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ 70 ರೋಗಿಯ ತಲೆ ಮೇಲೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಅವರ ಕೈಗೆ ಬರೋದು ಪಿಎಫ್ ಜೊತೆಗಿನ ಇಪಿಎಸ್-95 ಪಿಂಚಣಿ. ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1000 ರೂಪಾಯಿ. ಆದರೆ ಮಗನೋ ಮಗಳೋ ಸಂಬಳ ತರುತ್ತಿದ್ದರೆ ಪಡಿತರ ಚೀಟಿ ಎಪಿಎಲ್ ಆಗಿರುತ್ತೆ. ಮಗನ ಸಂಬಳ ಇಎಂಐಗೆ, ಮಕ್ಕಳ ಸ್ಕೂಲ್ ಫೀಸಿಗೆ ಹೋಗುತ್ತೆ. ಅಪ್ಪನ ಮಂಡಿ ಕೊನೆಯ ಸಾಲಿನಲ್ಲಿ ನಿಲ್ಲುತ್ತೆ. ಮಕ್ಕಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ, ಅವರಿಗೂ ಕಷ್ಟ ಇದೆ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲೇ ವಯ ವಂದನಾ ಕಾರ್ಡ್ ಶುರು ಮಾಡಿತು. 70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ, ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ. ಈ ದಿಕ್ಕು ಸರಿ. ಆದರೆ ಅರವತ್ತಕ್ಕೆ ಕೆಲಸ ಬಿಟ್ಟವರು ನಡುವಿನ ಹತ್ತು ವರ್ಷ ಏನು ಮಾಡಬೇಕು? ನಮ್ಮ ದೊಡ್ಡಪ್ಪನಿಗೆ ಈಗ 68. ಸಡಿಲವಾದ ಮಂಡಿ ಎಪ್ಪತ್ತು ತುಂಬಲಿ ಅಂತ ಕಾಯುತ್ತಾ? ಕಾದಷ್ಟೂ ಮೂಳೆ ಸವೆಯುತ್ತೆ, ಆಪರೇಷನ್ ಕಷ್ಟವಾಗುತ್ತೆ, ಖರ್ಚೂ ಏರುತ್ತೆ. ಕೇಂದ್ರ ಎಷ್ಟು ಕೊಡಬೇಕು, ರಾಜ್ಯ ಎಷ್ಟು ಹಾಕಬೇಕು ಅನ್ನೋ ತಕರಾರು ಅವರವರ ನಡುವೆ ತೀರಲಿ. ಅದರ ಮಧ್ಯೆ ವಯಸ್ಸಾದವರನ್ನು ನಿಲ್ಲಿಸಬೇಡಿ. ಇಂಪ್ಲಾಂಟ್ ಬದಲಾವಣೆಗಾದರೂ ವಯಸ್ಸಿನ ಗಡಿಯನ್ನು 60ಕ್ಕೆ ಇಳಿಸಿ.

ಇನ್ನೊಂದು ವಿಷಯ, ದಾಖಲೆ. ಡಿಪ್ಯು ಕಂಪನಿಯ ಎಎಸ್‌ಆರ್ ಸೊಂಟದ ಇಂಪ್ಲಾಂಟ್ ನೆನಪಿದೆಯಾ? ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. 2010ರಲ್ಲಿ ಪ್ರಪಂಚದಾದ್ಯಂತ ಅದನ್ನು ವಾಪಸ್ ಕರೆಸಿದರು. ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಬಳಸಲಾಗಿತ್ತು. ಅದನ್ನು ಹಾಕಿಸಿಕೊಂಡವರಲ್ಲಿ ಬಹಳಷ್ಟು ಜನರನ್ನು ಹುಡುಕೋದೇ ಆಗಲಿಲ್ಲ. ನಮ್ಮಲ್ಲಿ ಕೀಲು ಸರ್ಜನ್‌ಗಳ ಸಂಘದ ನೋಂದಣಿ ಪುಸ್ತಕ ಇದೆ, ಆದರೆ ಅದಕ್ಕೆ ವಿವರ ಕಳಿಸೋದು ವೈದ್ಯರ ಇಷ್ಟಕ್ಕೆ ಬಿಟ್ಟಿದ್ದು. ಸರ್ಕಾರದ ದುಡ್ಡಿನಲ್ಲಿ ಹಾಕಿದ ಪ್ರತಿ ಇಂಪ್ಲಾಂಟ್‌ನ ಸೀರಿಯಲ್ ನಂಬರ್ ರೋಗಿಯ ಹೆಸರಲ್ಲಿ ದಾಖಲಾಗಲೇಬೇಕು ಅಂತ ಕಡ್ಡಾಯ ಮಾಡೋಕೆ ಏನು ಅಡ್ಡಿ? ಯಾರಿಗೆ ಯಾವಾಗ ಬದಲಾವಣೆ ಬೇಕಾಗಬಹುದು ಅಂತ ಆಗ ಸರ್ಕಾರಕ್ಕೇ ಗೊತ್ತಾಗುತ್ತೆ, ಬಜೆಟ್ ಕೂಡ ಮೊದಲೇ ಇಡಬಹುದು.

ಅಲ್ಲಿಯವರೆಗೆ ನಿಮ್ಮ ಮನೆಯವರ ಡಿಸ್ಚಾರ್ಜ್ ಸಮ್ಮರಿ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಜೋಪಾನ ಮಾಡಿ, ಫೋನಲ್ಲೂ ಫೋಟೋ ಇಟ್ಟುಕೊಳ್ಳಿ. ಹಳೆಯದು ಯಾವ ಕಂಪನಿಯದು, ಯಾವ ಸೈಜು ಅಂತ ಗೊತ್ತಿದ್ದರೆ ಸರ್ಜನ್‌ಗೆ ತುಂಬಾ ಅನುಕೂಲ.

ಕಾರ್ಖಾನೆಗಳಲ್ಲಿ ದುಡಿದವರು ದಯವಿಟ್ಟು ಇದನ್ನೂ ಓದಿ. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವರಿಗೂ ಅವರ ಹೆಂಡತಿ ಅಥವಾ ಗಂಡನಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತೆ. ತಿಂಗಳಿಗಲ್ಲ, ವರ್ಷಕ್ಕೆ 120. ಸಂಬಳ ಇಎಸ್‌ಐ ಮಿತಿ ದಾಟಿದ್ದಕ್ಕೆ ಹೊರಬಿದ್ದು ಆಮೇಲೆ ನಿವೃತ್ತರಾದವರಿಗೂ 2024ರ ಫೆಬ್ರವರಿಯಲ್ಲಿ ಷರತ್ತಿನ ಮೇಲೆ ಬಾಗಿಲು ತೆರೆದಿದ್ದಾರೆ. ಇದನ್ನು ನಿವೃತ್ತಿಯ ದಿನ ಹಾರ ಹಾಕುವಾಗಲೇ ಕಂಪನಿಯ ಎಚ್‌ಆರ್‌ನವರು ಹೇಳಿ ಫಾರಂ ತುಂಬಿಸಬೇಕು. ನಮ್ಮ ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಯೂನಿಯನ್‌ನ ಒಬ್ಬರು ಹೇಳಿದ ಮೇಲೆ ಹಳೇ ಇಎಸ್‌ಐ ನಂಬರ್, ಕಂಪನಿಯ ಪತ್ರ, ಆಧಾರ್ ಹಿಡಿದು ಶಾಖಾ ಕಚೇರಿಗೆ ಹೋದೆವು. ಈಗ ಅವರ ಹೆಸರು ಆಪರೇಷನ್ ಪಟ್ಟಿಯಲ್ಲಿದೆ. ನಿಮ್ಮ ಪರಿಚಯದಲ್ಲಿ ಪೀಣ್ಯ, ಬೊಮ್ಮಸಂದ್ರ, ಹೆಬ್ಬಾಳ ಕೈಗಾರಿಕಾ ಪ್ರದೇಶ ಅಂತ ದುಡಿದು ಮನೆಯಲ್ಲಿ ಕೂತವರು ಇದ್ದರೆ, ಇವತ್ತೇ ಫೋನ್ ಮಾಡಿ ಇದನ್ನು ಹೇಳಿ.